ಕುಣಿಮಗ್ಗದ ಮೇಲೊಂದು ಹನ್ನೊಂದಿಂಚಿನ ಪರದೆ

ಅಮ್ಮಣಿಯ ಮನೆಯಲ್ಲಿ ಮೇಜಿಲ್ಲ. ಇರುವ ಒಂದು ಕುರ್ಚಿಯ ಮೇಲೆ ನೂಲಿನ ಕಟ್ಟುಗಳಿವೆ. ಹಾಗಾಗಿ ಶನಿವಾರ ಬೆಳಕು ಹರಿಯುವ ಮೊದಲೇ ಅವರು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ನೇಯ್ದ ಬಟ್ಟೆ ಸುತ್ತುವ ಮುಂದಿನ ದಿಂಡಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಾರೆ. ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಅದು ಸ್ಲೇಟಿನಂತಾಗುತ್ತದೆ. ಅದರಲ್ಲಿ ಖಾಲಿ ಚೌಕಗಳು. ಅಮ್ಮಣಿ ಎಡಗೈಯನ್ನು ಅದರ ಮೇಲೆ ಒತ್ತಿ ಇಡುತ್ತಾರೆ, ತೆಗೆಯುತ್ತಾರೆ, ಬಗ್ಗಿ ನೋಡುತ್ತಾರೆ. ಏನೂ ಇಲ್ಲ. ಮತ್ತೆ ಇಡುತ್ತಾರೆ.

ಹತ್ತು ಗಂಟೆಯ ಬಸ್ಸಿಗೆ ಈ ಲ್ಯಾಪ್‌ಟಾಪ್ ಪೀಳಮೇಡಿನ ಅಂಗಡಿಗೆ ವಾಪಸ್ ಹೋಗಬೇಕೋ ಬೇಡವೋ ಎಂಬುದನ್ನು ಅಷ್ಟರೊಳಗೆ ಅವರು ಹೇಳಬೇಕು. ಹದಿನೈದು ದಿನ ಬಳಸಿ ನೋಡಿ, ಬೇಡವಾದರೆ ತನ್ನಿ ಎಂದು ಅಂಗಡಿಯವರು ಕೊಟ್ಟ ಗಡುವು ಇಂದಿಗೆ ಮುಗಿಯುತ್ತದೆ.

ಇಲ್ಲಿ ನೇಯುವ ನೆಗಮಂ ಹತ್ತಿ ಸೀರೆಯನ್ನು ಉಟ್ಟವರಿಗೆ ಅಂಗಡಿಯ ಹೆಸರು ಗೊತ್ತಿರುತ್ತದೆ, ಕೆಲವರಿಗೆ ನೇಯ್ದವರ ಹೆಸರೂ ಗೊತ್ತಿರಬಹುದು. ಅಂಚಿನ ಗಿಳಿ, ಹೂವು, ಗೋಪುರಗಳನ್ನು ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ. ಈ ಬೀದಿಯ ಎಂಟು ಮಗ್ಗದ ಮನೆಗಳಿಗೆ ಬರೆಯುವವರು ಅಮ್ಮಣಿ. ವಯಸ್ಸು ನಲವತ್ತೇಳು, ಶಾಲೆ ಎಂಟನೇ ತರಗತಿವರೆಗೆ, ಅದೂ ತಮಿಳಿನಲ್ಲಿ. ಮನೆಮಾತು ಕನ್ನಡ, ಆದರೆ ಈ ಲೇಖನವನ್ನು ಅವರು ಓದಲಾರರು. ಗ್ರಾಫ್ ಹಾಳೆಯಲ್ಲಿ ಅವರು ತುಂಬುವ ಒಂದೊಂದು ಚೌಕಕ್ಕೂ ಮಗ್ಗದಲ್ಲಿ ಒಂದೊಂದು ಎಳೆ ಏಳುತ್ತದೆ. ಹಾಳೆ ಪೇಟೆಯ ಕಾರ್ಡು ಅಂಗಡಿಗೆ ಹೋಗಿ, ತೂತು ಹೊಡೆದ ರಟ್ಟಿನ ಕಾರ್ಡುಗಳಾಗಿ ಮರಳುತ್ತದೆ. ಆ ಕಾರ್ಡು ಹೇಳಿದಂತೆ ಮಗ್ಗ ನಡೆಯುತ್ತದೆ, ಒಮ್ಮೆ ಬರೆದ ಚಿತ್ರವೇ ಅಂಚಿನುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ.

ಬರುವ ತಿಂಗಳಿಂದ ಆ ಅಂಗಡಿ ಹಾಳೆ ತೆಗೆದುಕೊಳ್ಳುವುದಿಲ್ಲ, ಕಂಪ್ಯೂಟರಿನ ಫೈಲು ಮಾತ್ರ. "ಫೈಲ್ ಕೊಡಕ್ಕಾಗಲಿಲ್ಲ ಅಂದರೆ ಡಿಸೈನೂ ಅವರೇ ಬರೀತಾರಂತೆ," ಎನ್ನುತ್ತಾರೆ ಅಮ್ಮಣಿ. "ಆಮೇಲೆ ನನಗೆ ವೇಲೆ ಇಲ್ಲೆ. ಅಷ್ಟೇ." ವೇಲೆ ಎಂದರೆ ಕೆಲಸ.

ಬೀದಿಯ ನೇಕಾರರ ಗುಂಪನ್ನು ನೋಡಿಕೊಳ್ಳುವವರು ದಿವಾಕರ್. ಅಮ್ಮಣಿಗೆ ಚಿಕ್ಕಪ್ಪನ ಮಗ. ಪೀಳಮೇಡಿನ ಅಂಗಡಿಯಲ್ಲಿ ಮುಟ್ಟಿದರೆ ಕೆಲಸ ಮಾಡುವ ಪರದೆಯ ಲ್ಯಾಪ್‌ಟಾಪ್‌ಗಳಲ್ಲಿ ಅತಿ ಅಗ್ಗದ್ದನ್ನು ಆರಿಸಿ ತಂದವರು ಅವರೇ. ಅಕ್ಕ ಸರಿ ಎಂದರೆ ಗುಂಪಿಗೆ ಇನ್ನೂ ಕೆಲವು ತರುವ ಯೋಚನೆ.

ಮೊದಲ ವಾರ ಅಮ್ಮಣಿ ದೂರು ಹೇಳಲಿಲ್ಲ. ಹಗುರ, ಒಂದು ಕೈಯಲ್ಲಿ ಎತ್ತಬಹುದು. ಊರಲ್ಲಿ ಕರೆಂಟು ಹೋದ ಮಧ್ಯಾಹ್ನಗಳಲ್ಲೂ ಬ್ಯಾಟರಿ ಸಂಜೆವರೆಗೆ ತಡೆಯಿತು. ಒಳಗೆ ಫ್ಯಾನಿಲ್ಲ, ಆದ್ದರಿಂದ ಮಗ್ಗದ ಕೋಣೆಯಲ್ಲಿ ಸದಾ ಹಾರುವ ಹತ್ತಿಯ ಧೂಳು ಒಳಗೆ ಹೋಗಿ ಕೂರುವ ಭಯ ಕಡಿಮೆ. ಆದರೆ ಕೀಲಿಗಳ ಸಂದಿಯಲ್ಲಿ ಕೂರುತ್ತದೆ. ಬಾಗಿಲ ಬೆಳಕು ಬಿದ್ದರೆ ಪರದೆಯಲ್ಲಿ ಚೌಕದ ಬದಲು ಸ್ವಂತ ಮುಖ ಕಾಣುತ್ತದೆ. ಎರಡು ಕೆಲಸ ಒಟ್ಟಿಗೆ ತೆರೆದರೆ ನಿಂತೇಬಿಡುತ್ತದೆ. ಜೊತೆಗೆ ಬಂದ ಪೆನ್ನು ಹಿಡಿಯಲಾರದಷ್ಟು ಸಣ್ಣದು ಎಂದು ಅದನ್ನು ಅಮ್ಮಣಿ ಗೂಡಿನಲ್ಲಿಟ್ಟು ಬೆರಳಿನಲ್ಲೇ ಬರೆದರು. ಗಿಳಿ ಅಂಚು ಐದು ದಿನದಲ್ಲಿ ಮುಗಿಯಿತು. ಹಾಳೆಯಲ್ಲಾದರೆ ಹತ್ತಾದರೂ ಬೇಕಿತ್ತು.

ಫೈಲು ಹೋಯಿತು, ಕಾರ್ಡು ಬಂತು. ಅಮ್ಮಣಿಯ ಗಂಡ ಪಳನಿಸಾಮಿ ನೇಯಲು ಕೂತರು.

ಇಲ್ಲಿ ಬಟ್ಟೆಯ ಮುಖ ಕೆಳಗಿರುತ್ತದೆ, ನೇಯುವವರಿಗೆ ಕಾಣುವುದು ಬೆನ್ನು. ಅಂಚು ನೋಡಬೇಕೆಂದರೆ ಕೆಳಗೆ ಕನ್ನಡಿ ಹಿಡಿಯಬೇಕು. ಆದರೆ ಈ ಮನೆಯಲ್ಲಿ ಹೊಸ ಅಂಚಿಗೆ ಕನ್ನಡಿ ತೋರಿಸುವುದಿಲ್ಲ, ದೃಷ್ಟಿಯಾಗುತ್ತದೆ ಎಂಬ ನಂಬಿಕೆ. ಮೊದಲ ಸೀರೆಯನ್ನು ಮಗ್ಗದಿಂದ ಕೊಯ್ಯುವುದೂ ಶುಕ್ರವಾರವೇ. ಪಳನಿಸಾಮಿ ಬುಧವಾರ ಒಂದನ್ನು ಮುಗಿಸಿ, ಕೊಯ್ಯದೆ ಎರಡನೆಯದನ್ನು ಶುರು ಮಾಡಿದರು. ನಿನ್ನೆ ಶುಕ್ರವಾರ ಸಂಜೆ ಕೊಯ್ದು ತಿರುಗಿಸಿದಾಗ, ಒಂದೊಂದು ಗಿಳಿಯ ಕತ್ತಿನ ಪಕ್ಕದಲ್ಲೂ ಮೂರು ಚುಕ್ಕೆ. ಅಂಚಿನುದ್ದಕ್ಕೂ, ಎರಡೂ ಕಡೆ.

"ಗಿಳಿಗೆ ಅಮ್ಮ ಆಗಿದೆ," ಎಂದರಂತೆ ಅತ್ತೆ ಮುತ್ತಮ್ಮಾಳ್. ನೆರೆಯವರು ಬಂದು ನೋಡಿದರು. ಯಾರೋ ನಕ್ಕರು. ಅಮ್ಮಣಿ ಊಟ ಮಾಡಲಿಲ್ಲ.

ಯಂತ್ರ ತಾನಾಗಿ ಚುಕ್ಕೆ ಇಡುತ್ತದೆಯಾದರೆ ಅದನ್ನು ನಂಬುವಂತಿಲ್ಲ, ವಾಪಸ್ ಕಳಿಸಬೇಕು. ಹೆಚ್ಚಿನ ಬೆಲೆಯದನ್ನು ಗುಂಪು ಕೊಳ್ಳುವುದಿಲ್ಲ. ಅಲ್ಲಿಗೆ ಅಮ್ಮಣಿಯ ಕೆಲಸವೂ ಮುಗಿಯಿತು. ತಪ್ಪು ಕೈಯದಾದರೆ ಯಾವ ಕೈ, ಹೇಗೆ? ಬೆಳಗಿನಿಂದ ಹುಡುಕುತ್ತಿರುವುದು ಅದನ್ನೇ.

"ಏನದು, ಸುಮ್ಮನೆ ತಟ್ಟುತ್ತಾ ಇದ್ದೀಯ? ರೊಟ್ಟಿಯಾ?" ಮುತ್ತಮ್ಮಾಳ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ಚುಕ್ಕೆ ಬೀಳುತ್ತಾ ಅಂತ ನೋಡ್ತಾ ಇದೀನಿ ಅತ್ತೆ."

"ಬೇಕು ಅಂದಾಗ ಬೀಳುತ್ತಾ ಅದು? ಸೀರೆ ಮೇಲೇ ಬೀಳಬೇಕು."

ಅಮ್ಮಣಿ ಬಲಗೈ ಬೆರಳಿಂದ ಒಂದು ಚೌಕ ಮುಟ್ಟುತ್ತಾರೆ, ಪರದೆ ಗಮನಿಸುವುದಿಲ್ಲ. ಮೂವತ್ತು ವರ್ಷ ನೂಲು ಎಳೆದ ತುದಿಬೆರಳು ಕಾಯಿಯಂತೆ ಗಟ್ಟಿಯಾಗಿದೆ. ಅವರ ಕೈ ಅಭ್ಯಾಸದಂತೆ ಪಕ್ಕದ ಬಟ್ಟಲಿಗೆ ಹೋಗುತ್ತದೆ. ಕಡಿದ ಎಳೆಯನ್ನು ಹೊಸೆದು ಕೂಡಿಸಲು ಪ್ರತಿ ಮಗ್ಗದ ಪಕ್ಕದಲ್ಲೂ ಇಡುವ ನೀರಿನ ಬಟ್ಟಲು ಅದು. ಬೆರಳು ಅದ್ದಿ, ಎಡ ಅಂಗೈಗೆ ಒರೆಸಿ ಮುಟ್ಟುತ್ತಾರೆ. ಚೌಕ ಕಪ್ಪಾಗುತ್ತದೆ. ಎಡಗೈಯನ್ನು ಪರದೆಯ ಮೇಲೆ ಊರುತ್ತಾರೆ.

ಅಂಗೈಯ ಪಕ್ಕದಲ್ಲಿ ಎರಡು ಚುಕ್ಕೆ.

ಕೈ ಒಣಗಿಸಿಕೊಂಡು ಇಡುತ್ತಾರೆ, ಇಲ್ಲ. ಒದ್ದೆ ಮಾಡಿ ಇಡುತ್ತಾರೆ, ಇದೆ. ಕೊನೆಗೆ ಗೂಡಿನಲ್ಲಿದ್ದ ಪೆನ್ನನ್ನು ತಂದು, ಹಿಡಿಯಲು ದಪ್ಪವಾಗಲೆಂದು ನೂಲು ಸುತ್ತಿ, ಎಡಗೈ ಕೆಳಗೆ ನಾಲ್ಕು ಮಡಿಕೆ ಬಟ್ಟೆ ಹಾಸಿ ಒಂದು ಗಿಳಿಯನ್ನು ಮೊದಲಿಂದ ಬರೆಯುತ್ತಾರೆ. ಗಿಳಿ ಶುದ್ಧವಾಗಿದೆ. ಆದರೂ ಪ್ರತಿ ಚೌಕವನ್ನು ಮತ್ತೊಮ್ಮೆ ಪರೀಕ್ಷಿಸುತ್ತಾರೆ.

"ನೀರು ನಾನೇ ಹಾಕಿದ್ದು," ಎನ್ನುತ್ತಾರೆ, ಯಾರ ಮುಖವನ್ನೂ ನೋಡದೆ. "ಪರದೆಯನ್ನೂ ನೂಲು ಅಂದ್ಕೊಂಡೆ."

ಪಳನಿಸಾಮಿ ಕುಣಿಯ ಇನ್ನೊಂದು ಬದಿಯಲ್ಲಿ ಕೂತು ಅರ್ಧ ಸೀರೆಯನ್ನು ಕತ್ತರಿಸುತ್ತಿದ್ದಾರೆ. "ಕನ್ನಡಿ ಹಿಡಿದು ನೋಡಿದ್ದರೆ ಇಷ್ಟು ದೂರ ಬರ್ತಾ ಇರಲಿಲ್ಲೆ," ಎನ್ನುತ್ತಾರೆ. ಮುತ್ತಮ್ಮಾಳ್ ಲೋಟ ತೊಳೆಯಲು ಹೋಗುತ್ತಾರೆ.

ಎಂಟಕ್ಕೆ ದಿವಾಕರ್ ಚೀಲ ಹಿಡಿದು ಬರುತ್ತಾರೆ. ಕೂರುವುದಿಲ್ಲ.

"ಏನಕ್ಕಾ, ತಗೊಂಡು ಹೋಗಲಾ?"

"ಇರಲಿ ತಂಬಿ."

"ನಿಜವಾಗಲೂನಾ? ಆಮೇಲೆ ತಗೊಳಲ್ಲ ಅಂಗಡಿಯವನು."

"ಬರೆಯೋಕೆ ಸಾಕು. ಒದ್ದೆ ಕೈ ಇಡಬಾರದು, ಪೆನ್ನಲ್ಲೇ ಬರೀಬೇಕು. ಬಿಸಿಲಲ್ಲಿ ಆಗಲ್ಲ. ಸಿನಿಮಾ ನೋಡ್ತೀನಿ, ಮಕ್ಕಳು ಆಡಲಿ ಅಂದರೆ ಇದು ಬೇಡ, ನಿಂತುಹೋಗುತ್ತೆ. ಮನೆಗೊಂದು ತಗೋಬೇಡಿ. ಬರೆಯೋ ಮನೆಗೆ ಒಂದು ಸಾಕು."

"ಸರೀಂಗ ಅಕ್ಕಾ." ದಿವಾಕರ್ ಚೀಲ ಮಡಚುತ್ತಾರೆ, ಆದರೂ ಹೊರಡುವುದಿಲ್ಲ. "ವಳ್ಳಿಯಮ್ಮನ ಮನೆಯವರು ಚುಕ್ಕೆ ನೋಡಿ ನಿನ್ನೆ ಸಂಜೆಯೇ ಪೇಟೆಯ ಕಾರ್ಡು ಅಂಗಡಿಗೆ ಫೋನ್ ಮಾಡಿದರಂತೆ. ಡಿಸೈನ್ ಅಲ್ಲೇ ಬರೆಸ್ತಾರಂತೆ. ಸುಬ್ಬಯ್ಯನ್ ಅಣ್ಣನ ಮನೆಯೂ."

"ಹೇಳಿ ನೋಡಿದೆಯಾ, ಕೈ ಒದ್ದೆ ಇತ್ತು ಅಂತ?"

"ಅದು ನಿನಗೇ ಈಗ ತಾನೇ ಗೊತ್ತಾಗಿದ್ದು ಅಕ್ಕಾ."

ಅಮ್ಮಣಿ ಪರದೆಯನ್ನು ಸೆರಗಿನಿಂದ ಒರೆಸುತ್ತಾರೆ. ಉಳಿದ ಆರು ಮನೆಗಳಾದರೂ ದೀಪಾವಳಿಯವರೆಗೆ ತಮ್ಮ ಹತ್ತಿರವೇ ಬರೆಸಲಿ ಎಂಬುದು ಅವರ ಆಸೆ. ಅದನ್ನು ದಿವಾಕರ್‌ಗೆ ಹೇಳುವುದಿಲ್ಲ, ಅವರು ಹೋದ ಮೇಲೆ ಗಂಡನಿಗೆ ಹೇಳುತ್ತಾರೆ. ಆಮೇಲೆ ಎರಡನೆಯ ಗಿಳಿ ಶುರು ಮಾಡುತ್ತಾರೆ.

ಈ ವಾರ ಹೋದದ್ದು: ಒಂದು ಪೂರ್ತಿ ಸೀರೆ, ಒಂದು ಅರ್ಧ ಸೀರೆ, ಒಂದು ಕಟ್ಟು ಕಾರ್ಡು, ಎರಡು ಮನೆ.