ದುರ್ಗಮ್ಮನ ವಾಪಸ್ ದೋಸೆ

ಭದ್ರಾವತಿಯ ಹೊಸಮನೆಯಲ್ಲಿ ದುರ್ಗಮ್ಮನ ದೋಸೆ ಹೋಟೆಲ್ ಇದೆ. ಹೋಟೆಲ್ ಎಂದರೆ ಮನೆಯ ಮುಂದಿನ ಕೋಣೆ, ಎರಡು ಬೆಂಚು, ಒಂದು ಕಾವಲಿ. ಶಿವಮೊಗ್ಗದ ನನ್ನ ಅಂಗಡಿಯಿಂದ ಅಲ್ಲಿಗೆ ಅಕ್ಕಿ, ಉದ್ದು ಹೋಗುತ್ತದೆ. ಹಾಗಾಗಿ ಆಕೆಯ ದೋಸೆಯ ಖಾರವೂ ಗೊತ್ತು, ಬಾಯಿಯ ಖಾರವೂ ಗೊತ್ತು.

ದುರ್ಗಮ್ಮ ಊರು ಕಾಣದವಳಲ್ಲ. ತಿರುಪತಿಗೆ ಹೋಗಿದ್ದಾಳೆ, ಗಂಡ ಕೃಷ್ಣಪ್ಪನ ಮುಡಿ ಹರಕೆಗೆ. ಅಷ್ಟರಲ್ಲಿ ಕೃಷ್ಣಪ್ಪನ ತಲೆಯಲ್ಲಿ ಕೊಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ದೇವರು ಅಡ್ಜಸ್ಟ್ ಮಾಡಿಕೊಂಡ. ಧರ್ಮಸ್ಥಳಕ್ಕೆ ಹೋಗಿದ್ದು ನಾದಿನಿಗೆ ಗಂಡು ಸಿಗಲೆಂದು. ಮೈಸೂರಿಗೆ ಹೋಗಿದ್ದು ಅದೇ ನಾದಿನಿಯ ಬಾಣಂತನಕ್ಕೆ. ಅರಮನೆ ನೋಡಿದಿರಾ ಎಂದು ಕೇಳಿದರೆ, "ಬಟ್ಟೆ ಒಣಗಿಸೋಕೆ ಮಹಡಿ ಹತ್ತಿದಾಗ ತುದಿ ಕಾಣ್ತಿತ್ತು" ಎನ್ನುತ್ತಾಳೆ.

ಈ ಬೇಸಿಗೆಯಲ್ಲಿ ಮಗ ಮುರಳಿ, "ಅಮ್ಮ, ಈ ಸಲ ನಿನಗೋಸ್ಕರ ಟ್ರಿಪ್ಪು" ಎಂದು ಘೋಷಿಸಿದ. ಆಗ ನಾನೂ ಅಲ್ಲೇ ಬೆಂಚಿನ ಮೇಲಿದ್ದೆ. ಕೃಷ್ಣಪ್ಪ ಕಾಶಿ ಎಂದ. ಮುರಳಿ ಊಟಿ ಎಂದ. ಸೊಸೆ ರಶ್ಮಿ ಮೊಬೈಲಿನಲ್ಲಿ ಏನೋ ಓದಿಕೊಂಡಿದ್ದಳು.

"ಊರು ಆಮೇಲೆ. ಮೊದ್ಲು ಇಂಟೆನ್ಷನ್ ಸೆಟ್ ಮಾಡ್ಕೋಬೇಕಂತೆ ಅತ್ತೆ."

"ಸೆಟ್ ದೋಸೆ ಗೊತ್ತು ಮಾರಾಯ್ತಿ. ಇದ್ಯಾವ ಸೆಟ್ಟು?"

"ಅಂದ್ರೆ ಸಂಕಲ್ಪ. ಯಾಕೆ ಹೋಗ್ತೀನಿ ಅಂತ."

"ಅದನ್ನ ಭಟ್ರು ಹೇಳ್ಕೊಡ್ತಾರಲ್ಲ?"

"ಇದಕ್ಕೆ ಭಟ್ರಿಲ್ಲ. ನೀವೇ ಹೇಳ್ಬೇಕು."

ದುರ್ಗಮ್ಮ ಸೌಟು ಹಿಡಿದು ನಿಂತುಬಿಟ್ಟಳು. ಕಾವಲಿಯ ಮೇಲಿನ ದೋಸೆ ಸೀದುಹೋಯಿತು. ವ್ಯಾಪಾರಿಯ ಮಾತು ಹೇಳುತ್ತೇನೆ: ಏನು ಬೇಕೆಂದು ಗೊತ್ತಿಲ್ಲದೆ ಬರುವ ಗಿರಾಕಿಯೇ ಅಂಗಡಿಯ ಲಕ್ಷ್ಮಿ, ಕಂಡದ್ದೆಲ್ಲ ಹೊತ್ತು ಹೋಗುತ್ತಾನೆ. ಕಾಶಿಯೂ ಊಟಿಯೂ ಬದುಕಿರುವುದು ಅಂಥವರಿಂದಲೇ. ದುರ್ಗಮ್ಮನೂ ಈಗ 'ನಿಮ್ಮಿಷ್ಟ' ಎನ್ನುತ್ತಾಳೆ ಎಂದುಕೊಂಡೆ.

"ಹೇಳ್ಲಾ? ನಗಬಾರ್ದು. ನನ್ನ ಗುರುತಿಲ್ಲದ ಹೋಟ್ಲಲ್ಲಿ ಕೂತು ಒಂದು ದೋಸೆ ತರಿಸ್ಬೇಕು. ಚೆನ್ನಾಗಿಲ್ಲ ಅಂತ ವಾಪಸ್ ಕಳಿಸ್ಬೇಕು."

"ಇದೂ ಒಂದು ಸಂಕಲ್ಪನೇನೇ?" ಎಂದ ಕೃಷ್ಣಪ್ಪ.

"ನೀವು ಇಲ್ಲದ ಕೂದ್ಲು ಕೊಡೋಕೆ ತಿರುಪತಿಗೆ ಹೋಗಿಲ್ವಾ? ಸೀದಿದ್ದು, ಹರಿದಿದ್ದು, ಗಿರಾಕಿ ಮುಖ ಸಿಂಡರಿಸಿ ತಳ್ಳಿದ್ದು, ಇಷ್ಟು ವರ್ಷ ಅದೇ ನನ್ನ ತಿಂಡಿ. ಒಂದ್ಸಲ ನಾನೂ ತಳ್ಬೇಕು."

ಯಾರೂ ನಗಲಿಲ್ಲ. "ಇಂಟೆನ್ಷನ್ ತುಂಬಾ ಕ್ಲಿಯರ್ ಇದೆ ಅತ್ತೆ" ಎಂದಳು ರಶ್ಮಿ.

ಸಂಕಲ್ಪ ಗಟ್ಟಿಯಾದದ್ದೇ ತಡ, ಪ್ರವಾಸ ಕುಗ್ಗಿತು. ದೋಸೆ ತಿರಸ್ಕರಿಸಲು ಗಂಗೆ ಬೇಕಿಲ್ಲ, ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದರೆ ಸಾಕು. ಮುರಳಿಯ ಮುಖದಲ್ಲಿ ಮಾತೃಭಕ್ತಿ ಉಕ್ಕಿತು. ಹೋಟೆಲ್ ಹುಡುಕುವ ಹೊಣೆ ನನ್ನ ಮೇಲೆ ಬಿತ್ತು. ಕೆಟ್ಟ ದೋಸೆ ಎಲ್ಲಿ ಸಿಗುತ್ತದೆಂದು ಅಕ್ಕಿ ಮಾರುವವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ? ಬೇರೆ ಯಾರೂ ಮುಟ್ಟದ ಅಕ್ಕಿಯನ್ನು ನನ್ನಿಂದ ಸಂತೋಷವಾಗಿ ಒಯ್ಯುವ ಹೋಟೆಲೊಂದು ನಮ್ಮೂರಿನ ಆಲ್ಕೊಳದ ಕಡೆ ಇದೆ.

ಭಾನುವಾರ ದುರ್ಗಮ್ಮ ಮದುವೆ ಮನೆಗೆ ಉಡುವ ರೇಷ್ಮೆ ಸೀರೆ ಉಟ್ಟು, ಮನೆಯವರೊಂದಿಗೆ ಬಂದಳು. ಕೂತೆವು. ದೋಸೆ ಬಂತು. ನನ್ನ ಅಕ್ಕಿ ನನ್ನ ಮರ್ಯಾದೆ ಕಾಪಾಡಿತ್ತು: ದೋಸೆ ಬಿಳಿಚಿಕೊಂಡು, ಒದ್ದೆಯಾಗಿ, ತಟ್ಟೆಗೆ ಅಂಟಿಕೊಂಡು ಮಲಗಿತ್ತು.

"ಸರಿ ಇದ್ಯಾ ಅಮ್ಮ?" ಎಂದ ಸಪ್ಲೈಯರ್.

"ಚಟ್ನಿ ಹಾಕ್ಲಾ?" ಎಂದುಬಿಟ್ಟಳು ದುರ್ಗಮ್ಮ. ಅಭ್ಯಾಸಬಲ. ಅವನು ಕಕ್ಕಾಬಿಕ್ಕಿಯಾದ.

"ಪಾಪ, ತಿಂದ್ಬಿಡೇ," ಎಂದು ಕೃಷ್ಣಪ್ಪ ಪಿಸುಗುಟ್ಟಿದ.

"ಪಾಪ ಅಂತೆ! ನನ್ನ ಕಾವಲಿ ಮುಂದೆ ಯಾವತ್ತಾದ್ರೂ ಆ ಮಾತು ಬಂದಿತ್ತಾ ಬಾಯಲ್ಲಿ?"

ಆಕೆ ಸೆರಗು ಸರಿಮಾಡಿಕೊಂಡಳು. ಬೆನ್ನು ನೆಟ್ಟಗೆ ಮಾಡಿದಳು. ಒಂದೇ ಬೆರಳಿನಿಂದ ತಟ್ಟೆಯನ್ನು ಆಚೆ ತಳ್ಳಿದಳು.

"ವಾಪಸ್ ತಗೊಂಡ್ಹೋಗಪ್ಪ."

"ಯಾಕಮ್ಮ, ಏನಾಗಿದೆ?"

"ನಾನು ಕೇಳಿದ್ದು ದೋಸೆ. ಇದು ಕರ್ಚೀಫು."

ಗಲ್ಲಾದಲ್ಲಿದ್ದ ಮಾಲೀಕ ಒಮ್ಮೆ ಸೀರೆಯನ್ನು, ಒಮ್ಮೆ ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ತಟ್ಟೆ ಒಳಗೆ ಹೋಯಿತು, ಇನ್ನೊಂದು ಬಂತು. ದುರ್ಗಮ್ಮ ಒಂದು ಚೂರು ಮುರಿದು ಬಾಯಿಗಿಟ್ಟಳು.

"ಹೇಗಿದೆ?" ಎಂದ ಮುರಳಿ.

"ಅದೇ ದರಿದ್ರ. ಬಿಸಿ ಇದೆ, ಅಷ್ಟೇ."

ಆದರೂ ಪೂರ್ತಿ ತಿಂದಳು, ಅವಸರವಿಲ್ಲದೆ, ಬೆರಳು ಚೀಪಿಕೊಂಡು. ನೀರು ಕುಡಿದಳು. ಆಮೇಲೆ ಮಗನತ್ತ ತಿರುಗಿದಳು.

"ಇನ್ನೊಂದು ಹೇಳೋ."

"ಇನ್ನೂ ತಿಂತೀಯಾ?"

"ತಿನ್ನೋಕಲ್ಲ ಕಣೋ."