ವಾಸುದೇವ ಮಾಷರ ಕತ್ತರಿ

ವಾಸುದೇವ ಮಾಷರ ಶರ್ಟಿನ ಜೇಬಿನಲ್ಲಿ ಸದಾ ಒಂದು ಪುಟ್ಟ ಕತ್ತರಿ ಇರುತ್ತಿತ್ತು, ಮೀಸೆ ಕತ್ತರಿಸುವಂಥದ್ದು. ಅವರಿಗೆ ಮೀಸೆ ಇರಲಿಲ್ಲ. ಕತ್ತರಿ ಇದ್ದದ್ದು ಕಾಗದಕ್ಕೆ. ಪತ್ರಿಕೆಯಲ್ಲಿ ಬಂದದ್ದು, ಯಾರೋ ಬರೆದುಕೊಟ್ಟದ್ದು, ಎಲ್ಲೋ ಕೇಳಿ ತಾವೇ ಬರೆದುಕೊಂಡದ್ದು, ಎಲ್ಲವನ್ನೂ ಅರ್ಧಕ್ಕೆ ಸರಿಯಾಗಿ ಕತ್ತರಿಸಿ, ಮೇಲಿನ ಅರ್ಧವನ್ನು ಜೆರಾಕ್ಸ್ ಮಾಡಿಸಿ ನಮಗೆ ಹಂಚುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಕೇಸು’. ಕೆಳಗಿನ ಅರ್ಧ ಏನಾಗುತ್ತಿತ್ತೋ, ದೇವರಿಗೇ ಗೊತ್ತು.

ವಯನಾಡಿನ ಒಂದು ಸಣ್ಣ ಪೇಟೆಯಲ್ಲಿ ನಾನು ಟೀಚರ್ ಟ್ರೈನಿಂಗ್ ಮಾಡಿದ ಎರಡು ವರ್ಷ ಅವರೇ ನಮಗೆ ಮುಖ್ಯ ಮಾಷ್, ಅಂದರೆ ಮೇಷ್ಟ್ರು. ಪಾಠ ಎಂದು ಅವರು ಮಾಡಿದ್ದೇ ಕಡಿಮೆ. ಕೇಸು ಹಂಚಿ, ನಮ್ಮನ್ನು ಐದೈದು ಜನರ ಗುಂಪು ಮಾಡಿ, ಕೊನೆಯ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಏಲಕ್ಕಿ ಜಗಿಯುತ್ತಿದ್ದರು. ಸಂಬಳ ತೆಗೆದುಕೊಂಡು ಏಲಕ್ಕಿ ತಿನ್ನುವ ಇಂಥ ಕೆಲಸ ನನಗೂ ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಹಲ್ಲು ಕಡಿದದ್ದುಂಟು.

ನೆನಪಿರುವ ಮೊದಲ ಕೇಸು ನೂಲ್ಪುಳದ ಒಂದು ಹುಡುಗಿಯದು. ಕಾಡಿನೊಳಗಿನ ಹಾಡಿಯಿಂದ ಬರುವವಳು. ದಾರಿಯಲ್ಲಿ ಆನೆಗಳು ನಿಂತಿದ್ದರೆ, ಅವು ದಾಟುವ ತನಕ ಕಾದು ಹನ್ನೊಂದು ಗಂಟೆಗೆ ಶಾಲೆ ಸೇರುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳಿಗೆ ಅರ್ಧ ದಿನ. ಪರೀಕ್ಷೆಗೆ ಹಾಜರಿ ಸಾಲದು. ನೀವು ಟೀಚರಾದರೆ ಏನು ಮಾಡುತ್ತೀರಿ? ನಮ್ಮಲ್ಲೊಬ್ಬಳು ಎದ್ದು, “ಪಾಪ, ಪುಟ್ಟ ಹುಡುಗಿ...” ಎಂದು ಶುರು ಮಾಡಿದಳು. ಹಿಂದಿನಿಂದ ಮಾಷ್ ಗುಡುಗಿದರು: “ಪಾಪ ಅನ್ನೋದಕ್ಕೆ ಮಾರ್ಕಿಲ್ಲ! ಮುಂದೆ ಹೇಳು.”

ಒಂದು ಗಂಟೆ ಕಿತ್ತಾಡಿದೆವು. ಗಂಟೆ ಹೊಡೆದ ಮೇಲೆ ನಾನೇ ಕೇಳಿದೆ, “ಮಾಷೆ, ಆಮೇಲೆ ಏನಾಯ್ತು ಅವಳಿಗೆ?”

“ಆಮೇಲಿಂದು ಕೇಸಲ್ಲ, ಕಥೆ. ಕಥೆ ಬೇಕಾದ್ರೆ ಸಿನಿಮಾಕ್ಕೆ ಹೋಗು ಮೋಳೆ. ಮನಸ್ಸಿಲಾಯ್ತಾ?”

ಇದನ್ನು ಅವರು ಹೇಳಿದ್ದು ಕನ್ನಡದಲ್ಲಿ. ಕ್ಲಾಸೆಲ್ಲ ಮಲಯಾಳದಲ್ಲಿ ನಡೆದರೂ, ಅವರ ಅಜ್ಜ ಕಬಿನಿ ದಾಟಿ ಬಂದು ಅಂಗಡಿ ಇಟ್ಟವರು. ನನ್ನೊಬ್ಬಳ ಹತ್ತಿರ ಮಾತ್ರ, ಮಗಳೇ ಎನ್ನಲು ‘ಮೋಳೆ’, ಅರ್ಥವಾಯ್ತಾ ಎನ್ನಲು ‘ಮನಸ್ಸಿಲಾಯ್ತಾ’ ಎನ್ನುವ ನಮ್ಮ ಗಡಿಯ ಬೆರಕೆ ಕನ್ನಡ ಆಡುತ್ತಿದ್ದರು. ಆ ಪೇಟೆಯಲ್ಲಿ ನನ್ನ ಭಾಷೆಯಲ್ಲಿ ‘ಊಟ ಆಯ್ತಾ’ ಎಂದು ಕೇಳುವವರು ಅವರೊಬ್ಬರೇ. ಅದಕ್ಕೇ ಮೋಸ ಹೋದೆ.

ಮೊದಲ ವರ್ಷವೇ ಎಲ್ಲರಿಂದಲೂ ಅವರವರ ಮನೆಯ ಓದಿನ ಬಗ್ಗೆ ಬರೆಸಿಕೊಂಡರು. “ನಾನು ಮಾತ್ರ ಓದೋದು,” ಎಂದರು. ನಾನು ಕನ್ನಡದಲ್ಲೇ ಎಂಟು ಪುಟ ಬರೆದೆ. ನಮ್ಮದು ಹೊಳೆದಂಡೆಯ ಕೊಳವಳ್ಳಿ. ಅವ್ವ ದಿನಾ ದೋಣಿ ಹತ್ತಿ ಕರ್ನಾಟಕದ ದಡದ ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ನನಗಾಗ ಐದು ವರ್ಷ. ನನ್ನನ್ನು ಅಂಗನವಾಡಿಗೆ ಬಿಟ್ಟು ಏಳನೇ ಕ್ಲಾಸಿಗೆ ಹೋಗಬೇಕಾಗಿದ್ದ ರತ್ನಕ್ಕ, ನಾನು ಅತ್ತು ರಂಪ ಮಾಡುತ್ತೇನೆಂದು ನನ್ನ ಜೊತೆ ಮನೆಯಲ್ಲೇ ಉಳಿಯುತ್ತಿದ್ದಳು. ಶಾಲೆಯಿಂದ ಮೂರು ನೋಟೀಸು ಬಂದವು, ಮಲಯಾಳದಲ್ಲಿ. ಅವ್ವನಿಗೆ ಕನ್ನಡ ಮಾತ್ರ ಓದಲು ಬರುತ್ತಿತ್ತು. “ಒಳ್ಳೇದೇ ಬರ್ದವ್ರೆ ಕಣವ್ವಾ,” ಎಂದುಬಿಟ್ಟಳು ಅಕ್ಕ. ದುಂಡನೆಯ ನೀಲಿ ಮೊಹರು ನೋಡಿ ಅವ್ವನೂ ನಂಬಿದಳು. ಮೂರಕ್ಕೂ ಅರಿಶಿನ ಕುಂಕುಮ ಹಚ್ಚಿ ದೇವರ ಪಟದ ಹಿಂದೆ ಸಿಕ್ಕಿಸಿದಳು. ಶಾಲೆಯ ವಾರ್ಷಿಕೋತ್ಸವದ ದಿನ ಹೊಸ ಸೀರೆ ಉಟ್ಟು, ಮಗಳ ಬಹುಮಾನ ಪತ್ರಗಳೆಂದು ಅವನ್ನು ಹಿಡಿದುಕೊಂಡು ಹೋದಳು. ಹೆಡ್ಮಾಷ್ ಎಲ್ಲರೆದುರು ಗಟ್ಟಿಯಾಗಿ ಓದಿ ಹೇಳಿದರು: ಹಾಜರಿ ಇಲ್ಲದ ಕಾರಣ ಹೆಸರು ತೆಗೆಯಲಾಗಿದೆ.

ಇದು ನಾಲ್ಕು ಪುಟ. ಉಳಿದ ನಾಲ್ಕು ಪುಟದಲ್ಲಿ ಬರೆದದ್ದು ಆಮೇಲಿನದನ್ನು. ಮರುವರ್ಷ ಅವ್ವ ಶಾಲೆಯ ಮೆಟ್ಟಿಲು ಹತ್ತಿ ಇಳಿದು ಅಕ್ಕನನ್ನು ಮತ್ತೆ ಸೇರಿಸಿದಳು. ನನ್ನ ಒಂದನೇ ಕ್ಲಾಸಿನ ಮಲಯಾಳ ಪುಸ್ತಕವನ್ನು ಭಾನುವಾರಗಳಂದು ದೋಣಿಗೆ ತೆಗೆದುಕೊಂಡು ಹೋಗಿ, ಅಂಬಿಗನನ್ನು ಕಾಡಿ ಬೇಡಿ ಅಕ್ಷರ ಕಲಿತಳು. ಅವಳು ಪೂರ್ತಿಯಾಗಿ ಓದಿದ ಮೊದಲ ಕಾಗದ ಆ ಮೂರನೇ ನೋಟೀಸು. ಓದಿ, “ಥೂ, ಇದಕ್ಕಾ ನಾನು ಕುಂಕುಮ ಇಟ್ಟಿದ್ದು!” ಎಂದು ನಕ್ಕಳು.

ಒಂದು ತಿಂಗಳ ಮೇಲೆ ಕೇಸಿನ ಹಾಳೆ ಕೈಗೆ ಬಂತು, ಮಲಯಾಳಕ್ಕೆ ತಿರುಗಿಸಿದ್ದು. ‘ಹೊಳೆದಂಡೆಯ ಶಾಂತ’. ಅವ್ವನ ಹೆಸರು ಮಾತ್ರ ಶಾಂತ ಎಂದು ಬದಲಾಗಿತ್ತು, ಅಷ್ಟೇ. ದೋಣಿ, ಶುಂಠಿ, ಮೂರು ನೋಟೀಸು, ಕುಂಕುಮ ಎಲ್ಲ ಹಾಗೇ ಇದ್ದವು. ಹೆಡ್ಮಾಷ್ ಓದಿ ಹೇಳಿದಲ್ಲಿಗೆ ಹಾಳೆ ಮುಗಿದಿತ್ತು. ಕೆಳಗೊಂದು ಪ್ರಶ್ನೆ: ಈ ತಾಯಿ ಮಾಡಿದ ತಪ್ಪುಗಳನ್ನು ಪಟ್ಟಿ ಮಾಡಿ.

ಗುಂಪಿನಲ್ಲಿ ಎಲ್ಲರೂ ಉತ್ಸಾಹದಿಂದ ಶುರು ಮಾಡಿದರು. ನೋಟೀಸಿಗೆ ಕುಂಕುಮ ಎಂದು ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿದ್ದ ಜೆಸ್ಸಿ ನನ್ನ ಮುಖ ನೋಡಿ, “ಇದು ನಿಮ್ಮ ಕಡೆಯದ್ದಲ್ವಾ? ನಿನಗೆ ಇವರು ಗೊತ್ತಾ?” ಎಂದಳು. “ಇಲ್ಲಪ್ಪ,” ಎಂದೆ. ಅವಳಿಗೆ ಅನುಮಾನ ಹೋಗಲಿಲ್ಲ. ಅನುಮಾನ ಹೋಗಲಿ ಎಂದು ಪೆನ್ನು ಕಿತ್ತುಕೊಂಡು, ನನ್ನ ಹಾಳೆಯ ಹಿಂದೆ ಬರೆಯುತ್ತಿದ್ದ ಪಟ್ಟಿಯ ಕೊನೆಗೆ ನಾನೇ ಒಂದು ಸಾಲು ಬರೆದೆ: ‘ತಾಯಿಗೆ ಅಕ್ಷರ ಕಲಿಯುವ ಮನಸ್ಸೇ ಇರಲಿಲ್ಲ.’ ಹಿಂದಿನಿಂದ ಎದ್ದು ಬಂದು ಓದಿದ ಮಾಷ್, “ಇದು ಪಾಯಿಂಟು!” ಎಂದು ನನ್ನ ಬೆನ್ನು ತಟ್ಟಿದರು. ನನ್ನ ಬರಹ ಓದಿದ್ದ ಮನುಷ್ಯ! ಅವ್ವ ಕಲಿತದ್ದು ಗೊತ್ತಿದ್ದ ಮನುಷ್ಯ!

ಮರುದಿನ ಕೇಳಿಯೇಬಿಟ್ಟೆ. “ನೀವು ಮಾತ್ರ ಓದೋದು ಅಂದಿದ್ರಲ್ಲ ಮಾಷೆ?”

“ಹೆಸರು ಬದಲಾಯ್ಸಿದೀನಲ್ಲ ಮೋಳೆ,” ಎಂದರು.

“ಮತ್ತೆ ಉಳಿದದ್ದನ್ನ ಯಾಕೆ ಕತ್ತರಿಸಿದ್ರಿ?”

“ಅದನ್ನ ಇಟ್ಟಿದ್ರೆ ಇವರೆಲ್ಲ ಚಪ್ಪಾಳೆ ತಟ್ಟಿ ಎದ್ದು ಹೋಗ್ತಿದ್ರು. ಒಬ್ಬರಾದ್ರೂ ತಲೆ ಓಡಿಸ್ತಿದ್ರಾ ಹೇಳು?”

ಆ ಮಾತು ಸುಳ್ಳಾಗಿರಲಿಲ್ಲ. ಇವತ್ತಿಗೂ ಮೈ ಉರಿಯುವುದು ಅದಕ್ಕೇ.

ಆ ಶನಿವಾರ ಊರಿಗೆ ಹೋದಾಗ ಹಾಳೆ ಚೀಲದಲ್ಲೇ ಉಳಿದಿತ್ತು. ಅಕ್ಷರ ಇದ್ದದ್ದನ್ನೆಲ್ಲ ಓದುವುದು ಅವ್ವನ ಚಟ. ಬಜ್ಜಿ ಕಟ್ಟಿದ ಕಾಗದವನ್ನೂ ಬಿಡುವವಳಲ್ಲ. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಬಾಗಿಲ ಬಳಿ ಕೂತು, ಬೆರಳು ಇಟ್ಟುಕೊಂಡು ಕೇಸು ಮುಗಿಸಿ, ಹಿಂದಿನ ಪುಟದ ಪಟ್ಟಿಗೆ ಬಂದಿದ್ದಳು. ನನ್ನ ಕೈಬರಹದ ಸಾಲಿನ ಮೇಲೆ ಬೆರಳು ನಿಂತಿತು.

“ಯಾರೇ ಈ ಶಾಂತ?”

“ಯಾರೋ, ನಂಗೊತ್ತಿಲ್ಲವ್ವ.”

ಅವ್ವ ಹಾಳೆಯನ್ನು ಜೋಪಾನವಾಗಿ ಮಡಚಿ ನನ್ನ ಕೈಗೆ ಕೊಟ್ಟಳು. “ಪಾಪ. ಮಕ್ಳಾದ್ರೂ ಅವಳ ಪರ ಒಂದ್ ಮಾತು ಬರೀಬೋದಿತ್ತು,” ಎಂದು ಒಲೆಯ ಕಡೆ ಹೋದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಎತ್ತಿ ನಾಲ್ಕು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ವರ್ಷಗಳು ಕಳೆದವು. ನಾನೂ ಟೀಚರಾದೆ. ಕಳೆದ ವರ್ಷ ಒಂದು ತರಬೇತಿಗೆ ಹೋದಾಗ ಹಂಚಿದ ಹಾಳೆಗಳಲ್ಲಿ ಅದೇ ಶಾಂತ ಇದ್ದಳು. ಈ ಸಲ ಜೊತೆಗೆ ಮಾದರಿ ಉತ್ತರವೂ ಇತ್ತು. ಮೊದಲನೆಯ ಅಂಶವಾಗಿ ನನ್ನ ಸಾಲು, ಒಂದಕ್ಷರ ಬದಲಾಗದೆ. ಅಂದರೆ ಇಷ್ಟು ವರ್ಷ, ಎಷ್ಟು ಕ್ಲಾಸುಗಳಲ್ಲಿ, ಎಷ್ಟು ಜನ ನನ್ನ ಅವ್ವನಿಗೆ ಮನಸ್ಸಿರಲಿಲ್ಲ ಎಂದು ಬರೆದು ಮಾರ್ಕು ತೆಗೆದುಕೊಂಡರೋ! ಅಲ್ಲಿಂದಲೇ ಬಸ್ಸು ಹತ್ತಿ ಮಾಷರ ಮನೆಗೆ ಹೋದೆ. ಅದನ್ನು ನಿಲ್ಲಿಸಿ ಎನ್ನಬೇಕು, ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕು ಎಂದುಕೊಂಡೇ ಹೋದೆ.

ಮಾಷ್ ಜಗಲಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಹಳೆಯ ಫೈಲು. ನನ್ನ ಗುರುತು ಹತ್ತಲಿಲ್ಲ. “ಮರೆವು ಜಾಸ್ತಿಯಾಗಿದೆ ಚೇಚಿ,” ಎಂದು ಅವರ ಸೊಸೆ ಮಲಯಾಳದಲ್ಲಿ ಮೆಲ್ಲಗೆ ಹೇಳಿದಳು. “ಕತ್ತರಿ ಬಚ್ಚಿಟ್ಟಿದ್ದೇವೆ. ಬಂದವರನ್ನೆಲ್ಲ ಕೂರಿಸಿಕೊಂಡು ಒಂದನ್ನೇ ಕೇಳುತ್ತಾರೆ.”

ನಾನು ಕನ್ನಡದಲ್ಲಿ ನಮಸ್ಕಾರ ಹೇಳಿದ್ದೇ ತಡ, ಅವರ ಮುಖ ಅರಳಿತು. ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಕಡೆ ಚಾಚಿದರು. ‘ಹೊಳೆದಂಡೆಯ ಶಾಂತ’.

“ಇವಳಿದಾಳಲ್ಲ ಮೋಳೆ, ಆಮೇಲೆ ಏನಾಯ್ತು ಇವಳಿಗೆ? ಇಲ್ಲಿಗೇ ನಿಂತುಹೋಗಿದೆ ನೋಡು. ಯಾರನ್ನ ಕೇಳಿದ್ರೂ ಹೇಳಲ್ಲ. ನಿಂಗೊತ್ತಾ?”

ಗೊತ್ತಿತ್ತು. ನಾಲ್ಕು ಪುಟವೂ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಡಬಹುದಿತ್ತು; ಮುದುಕ ಒಂದು ದಿನವಾದರೂ ನೆಮ್ಮದಿಯಾಗಿ ಇರುತ್ತಿದ್ದ. ನಾನು ಹೇಳಲಿಲ್ಲ.

“ಆಮೇಲಿಂದು ಕೇಸಲ್ಲ ಮಾಷೆ, ಕಥೆ. ಕಥೆ ಬೇಕಾದ್ರೆ ಸಿನಿಮಾಕ್ಕೆ ಹೋಗಿ,” ಎಂದೆ.

ಅವರ ಕಣ್ಣು ತುಂಬಿ ಬಂತು.

“ಯಾರು ಮೋಳೆ ನಿಂಗೆ ಹಾಗೆ ಹೇಳ್ಕೊಟ್ಟಿದ್ದು?”

“ನಮ್ಮ ಮಾಷ್ ಒಬ್ಬರು.”

“ಕರುಣೆ ಇಲ್ಲದೋನು,” ಎಂದರು ವಾಸುದೇವ ಮಾಷ್. “ಅವನ ಹತ್ರ ಇನ್ನು ಹೋಗ್ಬೇಡ.”

ನಾನು ಮತ್ತೆ ಹೋಗಲಿಲ್ಲ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು.