ಅವರು ಒರೆಸಿಟ್ಟ ತಟ್ಟೆ

ಅದು ಭಾನುವಾರ. ನಮ್ಮ ಯಜಮಾನರು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಬೋರಲು ಹಾಕಿದ ಕ್ರೇಟಿನ ಮೇಲೆ, ಮಡಚಲಾಗದ ಎಡಗಾಲನ್ನು ಮುಂದಕ್ಕೆ ಚಾಚಿ ಕೂತು, ಜೀಪಿನ ಹಳೆಯ ಎಂಜಿನ್ನಿನಿಂದ ಬಿಚ್ಚಿದ ಉಕ್ಕಿನ ತಟ್ಟೆಯೊಂದನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದರು. ನಾನು ಬೇಯಿಸಿದ ಮರಗೆಣಸನ್ನೂ ಹಸಿಮೆಣಸಿನ ಚಟ್ನಿಯನ್ನೂ ತಂದೆ. ಕೈಯೆಲ್ಲ ಎಣ್ಣೆ, ನೀನೇ ಬಾಯಿಗಿಡು ಎಂದರು. ಇಟ್ಟೆ. ಅಲ್ಲೇ ನಟ್ಟುಗಳನ್ನು ಆರಿಸುತ್ತಿದ್ದ ಮೈದುನ ರಾಜು ಸುಮ್ಮನಿರಲಿಲ್ಲ.

"ಏನಣ್ಣ, ಕಾಲ್ ಹೋಗಿದ್ದು ಗೊತ್ತಿತ್ತು, ಕೈಯೂ ಹೋಯ್ತಾ?"

"ನಿಂಗೂ ಒಬ್ಳು ಬರ್ಲಿ ಕಣ್ಲಾ, ಆಮೇಕೆ ಮಾತಾಡೀವಂತೆ," ಎಂದು ಅವರು ಇನ್ನೊಂದು ತುಂಡಿಗೆ ಬಾಯಿ ತೆರೆದರು.

ತಟ್ಟೆ ಬೆಳ್ಳಗೆ ಹೊಳೆಯುವಂತಾದ ಮೇಲೆ ಅದನ್ನು ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ ಜಗಲಿಯ ಮೇಲಿಟ್ಟರು. ಮಾರನೆಯ ಬೆಳಿಗ್ಗೆ ಹಾಲು ಹಾಕಲು ಹೋದವರು ದಾರಿಯಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ.

ಆ ಜೀಪಿನ ವಿಷಯ ನಿಮಗೆ ಸ್ವಲ್ಪ ಹೇಳಬೇಕು. ಮದುವೆಯಾದ ಹೊಸದರಲ್ಲಿ ಅವರು ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಎಡ ಮಂಡಿ ಗಟ್ಟಿಯಾಗಿಹೋಯಿತು. ಕ್ಲಚ್ ಒತ್ತಲಾಗದವರು ಜೀಪು ಓಡಿಸುವುದು ಹೇಗೆ? ಪನಮರಂ ಪೇಟೆಯ ಮಲಯಾಳಿ ಮೆಕ್ಯಾನಿಕ್, ಅಣ್ಣ ಎನ್ನುವಂತೆ ನಾವು ಇಕ್ಕ ಎನ್ನುವ ಮೊಯ್ದು ಇಕ್ಕ, ಎಲ್ಲಿಂದಲೋ ತಾನಾಗಿಯೇ ಬದಲಾಗುವ ಗೇರಿನ ಪೆಟ್ಟಿಗೆಯನ್ನೂ ಅದಕ್ಕೆ ಹೊಂದುವ ಎಂಜಿನ್ನನ್ನೂ ತಂದು ಕೂರಿಸಿಕೊಟ್ಟರು. ನಮ್ಮೂರು ಕೊಳವಳ್ಳಿಯಲ್ಲಿ ಕ್ಲಚ್ ಇಲ್ಲದ ಜೀಪು ನಮ್ಮದೊಂದೇ. ನಾನು ಡ್ರೈವಿಂಗ್ ಕಲಿತದ್ದೂ ಅದರಲ್ಲಿಯೇ. ಬೇರೆ ಗಾಡಿ ನನಗೆ ಬರುವುದಿಲ್ಲ. ನೇಂದ್ರಬಾಳೆ, ಶುಂಠಿ, ಮೆಣಸು, ಎಲ್ಲವೂ ಅದರಲ್ಲೇ ಪನಮರಂ ಸೇರಬೇಕು. ಎಂಜಿನ್ ಮುದಿಯಾಗಿ ಹೊಗೆ ಕಾರತೊಡಗಿದಾಗ, ಅದೇ ಕಂಪನಿಯ ಸ್ವಲ್ಪ ಈಚಿನ ಎಂಜಿನ್ನೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದರು. ಹಳೆಯದು ಇಳಿದಿತ್ತು, ಹೊಸದು ಏರಬೇಕಿತ್ತು, ನಡುವೆ ಅವರು ಹೋದರು.

ತಿಥಿ ಮುಗಿದ ಮೇಲೆ ಮೊಯ್ದು ಇಕ್ಕ ಬಂದರು. ನಾನು ಹೇಳುತ್ತಿರುವ ತಟ್ಟೆಯನ್ನು ಅವರು ಫ್ಲೆಕ್ಸ್ ಪ್ಲೇಟ್ ಎನ್ನುತ್ತಾರೆ. ಎಂಜಿನ್ನಿನ ಹಿಂಬದಿಯಲ್ಲಿ, ಒಳಗಿನ ತಿರುಗುವ ಕ್ರ್ಯಾಂಕಿನ ತುದಿಗೆ ಬೋಲ್ಟ್ ಹಾಕಿ ಕೂರಿಸುವ ತೆಳುವಾದ ಉಕ್ಕಿನ ಚಕ್ರ ಅದು. ಅಂಚಿಗೆ ಸುತ್ತಲೂ ಹಲ್ಲು. ಎಂಜಿನ್ನಿನ ತಿರುಗುವಿಕೆಯನ್ನು ಗೇರಿನ ಪೆಟ್ಟಿಗೆಗೆ ದಾಟಿಸುವುದು ಅದರ ಕೆಲಸ. ಹೊಸ ಎಂಜಿನ್ನಿನ ಜೊತೆ ಅದರದೇ ತಟ್ಟೆ ಬಂದಿತ್ತು, ತುಕ್ಕು ಹಿಡಿದು ಕೆಂಪಾಗಿತ್ತು. ಜಗಲಿಯ ಮೇಲೆ ಪಂಚೆಯ ತುಂಡಿನೊಳಗೆ ಇನ್ನೊಂದು ಹೊಳೆಯುತ್ತಿತ್ತು.

"ಅವ್ರು ಒರ್ಸಿ ಇಟ್ಟಿದಾರಲ್ಲಾ ಚೇಚಿ, ಇದನ್ನೇ ಹಾಕುವಾ," ಎಂದರು ಮೊಯ್ದು ಇಕ್ಕ. ಚೇಚಿ ಎಂದರೆ ಅವರ ಮಾತಿನಲ್ಲಿ ಅಕ್ಕ.

ನಾವ್ಯಾರೂ ಬೇಡವೆನ್ನಲಿಲ್ಲ. ಸತ್ತವರ ಕೈ ಕೊನೆಯದಾಗಿ ಆಡಿದ ವಸ್ತು. ಅದನ್ನು ಪಕ್ಕಕ್ಕಿಡಿ ಎಂದು ಹೇಳುವ ಬಾಯಿ ಯಾರಿಗಿದೆ? ರಂಧ್ರಗಳು ಸರಿಹೊಂದಿದವು, ಹಲ್ಲೂ ಹೊಂದಿತು.

ಜೀಪು ಸ್ಟಾರ್ಟ್ ಆಯಿತು, ನಡುಗತೊಡಗಿತು. ನಿಂತಲ್ಲಿ ಸಣ್ಣ ನಡುಕ. ವೇಗ ಹೆಚ್ಚಿದಂತೆ ಸ್ಟೀರಿಂಗ್ ಹಿಡಿದ ಕೈ ಜೋಮು ಹಿಡಿಯುತ್ತಿತ್ತು, ಕನ್ನಡಿಯಲ್ಲಿ ಹಿಂದಿನ ರಸ್ತೆ ಕಲಸಿಹೋಗುತ್ತಿತ್ತು. ಎಂಜಿನ್ನಿನ ಕೆಳಗಿನ ರಬ್ಬರ್ ಬದಲಿಸಿದರು, ಅದು ಇದು ಬಿಗಿ ಮಾಡಿದರು. ಏನೂ ಆಗಲಿಲ್ಲ. ಇದು ಹೀಗೇ ಇದ್ದರೆ ಗೇರಿನ ಪೆಟ್ಟಿಗೆಯೂ ಹಾಳಾಗುತ್ತದೆ ಎಂದರು ಮೊಯ್ದು ಇಕ್ಕ.

"ಅತ್ಗೆ, ಗುಜರಿಯವ್ನು ಹಳೇ ಎಂಜಿನ್ನಿಗೆ ಶನಿವಾರ ಬತ್ತಾನೆ. ಜೀಪೂ ಕೊಟ್ಬುಡನ," ಎಂದ ರಾಜು. "ಇದ್ರಲ್ಲಿ ಪನಮರಕ್ಕೆ ಹೋಗಿ ಬಂದ್ರೆ ಬಾಳೆಕಾಯಿ ದಾರೀಲೇ ಹಣ್ಣಾಯ್ತವೆ."

ಅವನು ನಗಿಸಲು ಹೇಳಿದ್ದು. ನಗು ಬಂತು ಕೂಡ. ಆದರೆ ಜೀಪು ಹೋದರೆ ನಾನು ಮತ್ತೆ ಯಾರದಾದರೂ ಗಾಡಿಯಲ್ಲಿ ಜಾಗ ಕೇಳುವವಳಾಗುತ್ತೇನೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಮ್ಮೆ ಬಿಚ್ಚಿ ನೋಡಿ ಎಂದು ಮೊಯ್ದು ಇಕ್ಕನನ್ನು ಕೇಳಿಕೊಂಡೆ. ಗೇರಿನ ಪೆಟ್ಟಿಗೆ ಇಳಿಸುವುದೆಂದರೆ ನಾಲ್ಕು ಆಳಿನ ಕೆಲಸ, ಗೊಣಗುತ್ತಲೇ ಒಪ್ಪಿದರು.

ಶುಕ್ರವಾರ ಇಳಿಸಿದರು. ಹೊಳೆಯುವ ತಟ್ಟೆಯನ್ನು ಬಿಚ್ಚಿ, ತುಕ್ಕಿನ ತಟ್ಟೆಯ ಪಕ್ಕದಲ್ಲಿಟ್ಟು, ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ "ಎಂಡೆ ಪಡಚ್ಚೋನೇ" ಎಂದು ದೇವರನ್ನು ಕರೆದು ಹಣೆ ಬಡಿದುಕೊಂಡರು. ಹೊಳೆಯುವ ತಟ್ಟೆಯ ಒಂದು ಮಗ್ಗುಲಲ್ಲಿ ಅಂಗೈಯಗಲದ ಕಬ್ಬಿಣದ ತುಂಡೊಂದು ಬೆಸೆದುಕೊಂಡಿತ್ತು. ತುಕ್ಕಿನದರಲ್ಲಿ ಅದಿರಲಿಲ್ಲ.

ಅವರು ತಿಳಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಹಳೆಯ ಎಂಜಿನ್ನಿನ ಕ್ರ್ಯಾಂಕು ತನ್ನಷ್ಟಕ್ಕೆ ಸಮತೂಕದ್ದಲ್ಲ. ಒಂದು ಕಡೆ ಇರುವ ಕೊರತೆಯನ್ನು ತುಂಬಲು ತಟ್ಟೆಗೆ ಆ ತುಂಡು ಬೆಸೆದಿದ್ದರು. ಎರಡೂ ಸೇರಿದಾಗ ತಿರುಗುವಿಕೆ ನುಣುಪು. ಹೊಸ ಎಂಜಿನ್ ಒಳಗೇ ಸಮತೂಕ ಮಾಡಿಕೊಂಡು ಬಂದದ್ದು. ಅದಕ್ಕೆ ಈ ತಟ್ಟೆ ಹಾಕಿದರೆ, ಇಲ್ಲದ ಕೊರತೆಯನ್ನು ತುಂಬಲು ಹೋಗಿ ಆ ತುಂಡೇ ಗಾಡಿಯನ್ನೆಲ್ಲ ಅಲುಗಾಡಿಸುತ್ತದೆ.

ತಟ್ಟೆ ಬದಲಿಸಬೇಕೆಂದು ಅವರಿಗೂ ರಾಜುವಿಗೂ ಗೊತ್ತು, ಹೇಳಬೇಕಾದವಳು ನಾನು.

"ಕೆಂಪುದನ್ನ ಹಾಕಿ ಇಕ್ಕ," ಎಂದೆ.

"ನಿಮ್ ಯಜಮಾನ್ರು ಇದ್ದಿದ್ರೆ ಅವತ್ತೇ ನನ್ ಕಿವಿ ಹಿಂಡ್ತಿದ್ರು, ಚೇಚಿ."

"ಕಿವಿ ನಾನ್ ಹಿಂಡ್ತಿದ್ದೆ," ಎಂದ ರಾಜು, ತನಗಿಂತ ಎರಡು ಗೇಣು ಎತ್ತರದ ಮೊಯ್ದು ಇಕ್ಕನನ್ನು ನೋಡಿ. "ಮುಟ್ಟೋಕೆ ಎಟುಕ್ತಿರ್ನಿಲ್ಲ ಅಷ್ಟೆ."

ತುಕ್ಕನ್ನು ನಾನೇ ಉಜ್ಜಿ ತೆಗೆದೆ. ಎಲ್ಲಾದರೂ ಬಿರುಕಿದೆಯೇ ಎಂದು ಮೊಯ್ದು ಇಕ್ಕ ಉಗುರಾಡಿಸಿ ನೋಡಿದರು. ತಟ್ಟೆಯ ಒಂದು ರಂಧ್ರ ಉಳಿದವುಗಳ ಸಾಲಿನಿಂದ ಕೂದಲೆಳೆ ಸರಿದಿರುತ್ತದೆ. ಆದ್ದರಿಂದ ಅದು ಒಂದೇ ರೀತಿಯಲ್ಲಿ ಕೂರುತ್ತದೆ, ಬಲವಂತ ಮಾಡಬಾರದು. ಬೋಲ್ಟುಗಳನ್ನು ಸುತ್ತಿನ ಸಾಲಾಗಿ ಬಿಗಿಯದೆ, ಒಂದಾದ ಮೇಲೆ ಅದರ ಎದುರಿನದು ಎಂದು ಸ್ವಲ್ಪ ಸ್ವಲ್ಪವಾಗಿ ಬಿಗಿದರು. ಗೇರಿನ ಪೆಟ್ಟಿಗೆ ಏರಿಸಿದ ಮೇಲೆ, ಅದರ ಮೂತಿಯಲ್ಲಿರುವ ಎಣ್ಣೆಯ ದುಂಡು ಡಬ್ಬಿ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಂದು ನೋಡಿಕೊಂಡೇ ಅದನ್ನು ತಟ್ಟೆಗೆ ಜೋಡಿಸಿದರು. ಸಂಜೆ ಜೀಪು ಸ್ಟಾರ್ಟ್ ಆದಾಗ ಕನ್ನಡಿಯಲ್ಲಿ ನಮ್ಮ ಮನೆ, ಕಣ, ರಾಜು, ಎಲ್ಲ ನೆಟ್ಟಗೆ ನಿಂತಿದ್ದವು.

ಶನಿವಾರ ಗುಜರಿಯವನು ಹಳೆಯ ಎಂಜಿನ್ ಒಯ್ದ. ಹೊಳೆಯುವ ತಟ್ಟೆಯನ್ನು ಇಟ್ಟುಕೊಳ್ಳಬೇಕೆಂದು ಮನಸ್ಸು ಎಳೆಯಿತು. ಕೊನೆಗೆ ಅದನ್ನೂ ಅದರ ಎಂಜಿನ್ನಿನ ಜೊತೆಗೇ ಕಳಿಸಿದೆ. ಅವರು ಅದನ್ನು ಒರೆಸಿದ್ದು ಹಾಕುವುದಕ್ಕೋ, ಕೊಟ್ಟುಬಿಡುವುದಕ್ಕೋ, ಕೈ ಸುಮ್ಮನಿರದೆಯೋ, ಯಾರಿಗೂ ಗೊತ್ತಿಲ್ಲ.

ಈಗ ಮಾರುಕಟ್ಟೆಗೆ ನಾನೇ ಹೋಗಿಬರುತ್ತೇನೆ. ಮೊನ್ನೆ ಅಂಗಡಿಯ ತನಕ ನಡೆದು ಹೋಗುವಾಗ ಹಿಂದಿನಿಂದ ರಾಜು ಕೂಗಿದ: "ಅತ್ಗೆ, ರೋಡ್ ಖಾಲಿ ಬಿದ್ದದೆ, ಹುಲ್ ತುಳ್ಕಂಡು ಯಾಕೆ ಹೋಯ್ತೀರಿ?"

ನೋಡಿಕೊಂಡೆ. ಹೌದು, ಹುಲ್ಲಿನ ಮೇಲೇ ನಡೆಯುತ್ತಿದ್ದೆ. ಯಜಮಾನರಿಗೆ ಸಮ ನೆಲ ಬೇಕೆಂದು ಟಾರು ಬಿಟ್ಟುಕೊಟ್ಟು, ಅವರ ಎಡಕ್ಕೆ ನಾನು ರಸ್ತೆಯಂಚಿನ ಹುಲ್ಲಿನಲ್ಲಿ ನಡೆಯುತ್ತಿದ್ದವಳು. ಅವರ ಎಡಗೈ ನನ್ನ ಬಲ ಭುಜದ ಮೇಲಿರುತ್ತಿತ್ತು. ಆ ಭಾರಕ್ಕೆ ಎಡಕ್ಕೆ ಒಂದಿಷ್ಟು ಎದುರು ಒತ್ತು ಕೊಟ್ಟು ನಡೆಯುವುದನ್ನು ದೇಹ ಯಾವಾಗಲೋ ಕಲಿತುಬಿಟ್ಟಿದೆ. ಭಾರ ಹೋದರೂ ಒತ್ತು ಹೋಗಿಲ್ಲ. ತಟ್ಟೆಯಾಗಿದ್ದರೆ ಮೊಯ್ದು ಇಕ್ಕ ಬಿಚ್ಚಿ ಬೇರೆಯದನ್ನು ಹಾಕುತ್ತಿದ್ದರು. ನಾನು ರಸ್ತೆಗೆ ಹತ್ತಿ ನಡೆದೆ; ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಹುಲ್ಲಿಗೆ ಇಳಿದಿದ್ದೆ.

ಜೀಪು ನಡುಗುವುದಿಲ್ಲ. ಭುಜದ ಮೇಲೆ ಕೈ ಇಲ್ಲ.